ಪೊಟ್ಟಣದ ತಿಂಡಿಯೂ ಬೆಳೆಯುವ ದೇಹವೂ

ಒಂದು ಸೇರು ಹತ್ತಿ ಹೆಚ್ಚು ತೂಕವೋ, ಒಂದು ಸೇರು ಕಬ್ಬಿಣ ಹೆಚ್ಚು ತೂಕವೋ ಎಂದು ಚಿಕ್ಕ ಮಕ್ಕಳನ್ನು ಕೇಳಿ ನಗುವುದುಂಟು. ಮಕ್ಕಳು ಒಮ್ಮೆ ಮೋಸಹೋಗಿ, ಮರುಸಲ ‘ಎರಡೂ ಒಂದೇ’ ಎಂದು ಜಾಣತನದಿಂದ ಉತ್ತರಿಸುತ್ತಾರೆ. ತೂಕ ಒಂದೇ ಎಂಬುದು ನಿಜ. ಆದರೆ ವಸ್ತು ಒಂದೇ ಅಲ್ಲವಷ್ಟೆ. ಈ ಒಗಟನ್ನು ಮನುಷ್ಯದೇಹಕ್ಕೆ ಅನ್ವಯಿಸಿ ನೋಡೋಣ. ವಿಜಯಪುರದ ಯಾವುದೋ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿಯಲ್ಲಿ ಇಬ್ಬರು ಬಾಲಕರು ಒಂದೇ ಬೆಂಚಿನ ಮೇಲೆ ಕುಳಿತಿದ್ದಾರೆಂದು ಊಹಿಸಿಕೊಳ್ಳಿರಿ. ಇಬ್ಬರ ಎತ್ತರವೂ 150 ಸೆಂಟಿಮೀಟರ್. ಇಬ್ಬರ ತೂಕವೂ 45 ಕಿಲೋಗ್ರಾಂ. ಒಬ್ಬನು ಮನೆಯಿಂದ ರೊಟ್ಟಿ ಪಲ್ಯದ ಬುತ್ತಿ ತರುವವನು; ಮತ್ತೊಬ್ಬನು ಬಿಡುವಿನ ಹೊತ್ತಿನಲ್ಲಿ ಅಂಗಡಿಯ ಬಣ್ಣದ ಪೊಟ್ಟಣಗಳಿಂದಲೇ ಹಸಿವು ತೀರಿಸಿಕೊಳ್ಳುವವನು. ತೂಕದ ಯಂತ್ರವು ಇಬ್ಬರಿಗೂ ಒಂದೇ ಅಂಕೆಯನ್ನು ತೋರಿಸುತ್ತದೆ. ಇಬ್ಬರ ದೇಹವೂ ಒಂದೇ ಎಂದು ಹೇಳಬಹುದೆ?

ಹೇಳಲಾಗದು. ಏಕೆ ಹೇಳಲಾಗದು, ತಿನ್ನುವ ಆಹಾರದ ಬಗೆಗೂ ಬೆಳೆಯುವ ದೇಹದ ಬಗೆಗೂ ಇರುವ ನಂಟೇನು, ಅದನ್ನು ಕುರಿತು ವಿಜ್ಞಾನವು ಇಂದು ಎಷ್ಟನ್ನು ಖಚಿತವಾಗಿ ಬಲ್ಲದು ಎಂಬ ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಮಾಡೋಣ. ನಾವು ಭೌತಶಾಸ್ತ್ರದ ಅಧ್ಯಾಪಕರು, ವೈದ್ಯರಲ್ಲ. ಆದರೆ ಶಕ್ತಿ, ತೂಕ, ಅಳತೆ ಎಂಬ ಮೂರು ಮಾತುಗಳು ಎಲ್ಲಿ ಬಂದರೂ ಅಲ್ಲಿ ಭೌತಶಾಸ್ತ್ರಕ್ಕೂ ಒಂದಿಷ್ಟು ಕೆಲಸವಿರುತ್ತದೆ.

ಮೈಕಟ್ಟನ್ನು ಅಳೆಯುವ ಬಗೆ

ಮನುಷ್ಯರನ್ನು ಅವರ ಮೈಕಟ್ಟಿನ ಮೇಲಿಂದ ವಿಂಗಡಿಸುವ ಆಸೆ ಬಹು ಹಳೆಯದು. ನಮ್ಮ ಆಯುರ್ವೇದವು ವಾತ, ಪಿತ್ತ, ಕಫ ಎಂಬ ಪ್ರಕೃತಿಗಳನ್ನು ಹೇಳಿತು. 1940ರಲ್ಲಿ ಅಮೆರಿಕದ ವಿಲಿಯಂ ಷೆಲ್ಡನ್ ಎಂಬ ಮನಶ್ಶಾಸ್ತ್ರಜ್ಞನು ದೇಹಗಳನ್ನು ಎಂಡೊಮಾರ್ಫ್, ಮೀಸೊಮಾರ್ಫ್, ಎಕ್ಟೊಮಾರ್ಫ್ ಎಂಬ ಮೂರು ಅಂಶಗಳಿಂದ ವರ್ಣಿಸಿದನು. ದುಂಡುದುಂಡಾಗಿ ತುಂಬಿಕೊಂಡ ಮೈ ಮೊದಲನೆಯದು. ಸ್ನಾಯುಬಲದ ಕಟ್ಟುಮಸ್ತಾದ ಮೈ ಎರಡನೆಯದು. ನೀಳವಾದ ತೆಳುಮೈ ಮೂರನೆಯದು. ಇಷ್ಟಕ್ಕೇ ನಿಲ್ಲದೆ ಅವನು ಮೈಯ ಆಕಾರದಿಂದ ಮನುಷ್ಯನ ಸ್ವಭಾವವನ್ನೂ ಹೇಳಬಹುದೆಂದು ಸಾಧಿಸಹೊರಟನು. ಆ ವಾದಕ್ಕೆ ಆಧಾರ ಸಿಕ್ಕಲಿಲ್ಲ. ವಿಜ್ಞಾನಿಗಳು ಅದನ್ನು ಕೈಬಿಟ್ಟರು. ಷೆಲ್ಡನ್ನನ ಮೂರು ಹೆಸರುಗಳು ಮಾತ್ರ ವ್ಯಾಯಾಮಶಾಲೆಗಳಲ್ಲಿ ಇಂದಿಗೂ ಉಳಿದುಕೊಂಡಿವೆ. ‘ನನ್ನ ಮೈಯ ಪ್ರಕಾರವೇ ಇಂಥದು, ಏನು ತಿಂದರೂ ಹೀಗೆಯೇ’ ಎಂದು ವಿದ್ಯಾರ್ಥಿಗಳು ಆಡುವ ಮಾತಿನ ಹಿಂದೆ ಈ ಹಳೆಯ ಕಲ್ಪನೆಯ ನೆರಳಿದೆ. ಮೈಕಟ್ಟಿನಲ್ಲಿ ವಂಶದಿಂದ ಬಂದ ಪಾಲು ದೊಡ್ಡದೇ ಸರಿ. ಆದರೆ ಅದು ಅಚ್ಚಿನಲ್ಲಿ ಎರಕ ಹೊಯ್ದ ವಿಗ್ರಹದಂತೆ ಮಾರ್ಪಡದ ವಸ್ತುವಲ್ಲ. ಅದರಲ್ಲಿಯೂ ಹನ್ನೆರಡರಿಂದ ಹದಿನೇಳರವರೆಗಿನ ವಯಸ್ಸಿನಲ್ಲಿ ದೇಹವು ವರ್ಷದಿಂದ ವರ್ಷಕ್ಕೆ ರೂಪ ಬದಲಿಸುತ್ತಿರುತ್ತದೆ.

ಶಾಲೆಗಳಲ್ಲಿ ಇಂದು ಬಳಕೆಯಲ್ಲಿರುವುದು ಇನ್ನೊಂದು ಅಳತೆ. ಕಿಲೋಗ್ರಾಂಗಳಲ್ಲಿ ತೂಕವನ್ನು ತೆಗೆದುಕೊಂಡು, ಅದನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವುದು. ನಮ್ಮ ಇಬ್ಬರು ಬಾಲಕರ ಮಟ್ಟಿಗೆ 45ನ್ನು 1.5ರ ವರ್ಗವಾದ 2.25ರಿಂದ ಭಾಗಿಸಿದರೆ 20 ಬರುತ್ತದೆ. ಇದನ್ನು ದೇಹತೂಕ ಸೂಚ್ಯಂಕವೆಂದು ಕರೆಯುತ್ತಾರೆ. ಇದನ್ನು ಕಂಡುಹಿಡಿದವನು ವೈದ್ಯನಲ್ಲ, ಖಗೋಳಶಾಸ್ತ್ರಜ್ಞ! ಬೆಲ್ಜಿಯಂ ದೇಶದ ಅಡಾಲ್ಫ್ ಕೆಟೆಲೆ ಎಂಬಾತನು 1830ರ ದಶಕದಲ್ಲಿ ಸಾವಿರಾರು ಜನರ ಅಳತೆಗಳನ್ನು ಕಲೆಹಾಕಿ, ವಯಸ್ಕರ ತೂಕವು ಸುಮಾರಾಗಿ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂದು ಕಂಡನು. 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಅವನ ಸಂಗಡಿಗರು ಅದಕ್ಕೆ ಇಂದಿನ ಹೆಸರನ್ನಿಟ್ಟರು.

ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗೋಳಗುಮ್ಮಟದ ಪ್ರತಿಯೊಂದು ಅಳತೆಯನ್ನೂ ಇಮ್ಮಡಿಗೊಳಿಸಿ ಮತ್ತೊಂದು ಗುಮ್ಮಟವನ್ನು ಕಟ್ಟಿದರೆ ಅದರ ತೂಕ ನಾಲ್ಕು ಪಟ್ಟಾಗುವುದಿಲ್ಲ, ಎಂಟು ಪಟ್ಟಾಗುತ್ತದೆ; ಏಕೆಂದರೆ ಒಂದೇ ಆಕಾರದ ಘನವಸ್ತುಗಳ ತೂಕವು ಎತ್ತರದ ಘನಕ್ಕೆ ಅನುಗುಣವಾಗಿರುತ್ತದೆ. ಮನುಷ್ಯನ ತೂಕವು ವರ್ಗದಂತೆ ಏರುತ್ತದೆಂದರೆ, ಎತ್ತರದ ಮನುಷ್ಯನು ಗಿಡ್ಡ ಮನುಷ್ಯನ ಹಿಗ್ಗಿಸಿದ ಚಿತ್ರವಲ್ಲ ಎಂದಾಯಿತು. ಬೆಳೆಯುವ ಮಕ್ಕಳಲ್ಲಿ ಈ ಸಂಬಂಧವು ವಯಸ್ಸಿನೊಡನೆ ಬದಲಾಗುತ್ತದೆ. ಆದುದರಿಂದಲೇ ವಯಸ್ಕರಿಗೆ ಹಾಕುವ ಗೆರೆಯನ್ನು ಹದಿನಾಲ್ಕರ ಬಾಲಕಿಗೆ ಹಾಕಕೂಡದು. ಮಕ್ಕಳಿಗಾಗಿ ವಯಸ್ಸಿಗೆ ತಕ್ಕ ಪ್ರತ್ಯೇಕ ನಕ್ಷೆಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿಯೂ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯು 2015ರಲ್ಲಿಯೂ ಅಂಥ ನಕ್ಷೆಗಳನ್ನು ಪ್ರಕಟಿಸಿವೆ.

ಸೂಚ್ಯಂಕದ ನಿಜವಾದ ಕೊರತೆ ಬೇರೆ. ಅದು ತೂಕವನ್ನು ಬಲ್ಲದು. ಆ ತೂಕ ಯಾವುದರದೆಂಬುದನ್ನು ಅರಿಯದು. ಇದಕ್ಕೆ ಪ್ರಸಿದ್ಧವಾದ ನಿದರ್ಶನವೊಂದುಂಟು. 2004ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಇಬ್ಬರು ವೈದ್ಯರು ತಮ್ಮವೇ ಅಳತೆಗಳನ್ನು ಪ್ರಕಟಿಸಿದರು. ಒಬ್ಬರು ಪುಣೆಯ ಚಿತ್ತರಂಜನ ಯಾಜ್ಞಿಕ, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಸೂಚ್ಯಂಕವೂ 22.3. ಆದರೆ ದೇಹದ ಕೊಬ್ಬನ್ನು ಅಳೆದಾಗ ಯುಡ್ಕಿನ್ನರಲ್ಲಿ ನೂರಕ್ಕೆ 9.1 ಪಾಲು, ಯಾಜ್ಞಿಕರಲ್ಲಿ 21.2 ಪಾಲು ಕಂಡುಬಂದಿತು. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೆಚ್ಚಾಗಿಯೂ ಸ್ನಾಯು ಕಡಮೆಯಾಗಿಯೂ ಇರುವ ಈ ಮೈಕಟ್ಟು ಭಾರತೀಯರಲ್ಲಿ ಸಾಮಾನ್ಯವಾದುದು. ನಮ್ಮ ಬೆಂಚಿನ ಬಾಲಕರಿಬ್ಬರ ದೇಹ ಒಂದೇ ಎಂದು ಏಕೆ ಹೇಳಲಾಗದೆಂಬುದು ಈಗ ಸ್ಪಷ್ಟವಾಗಿರಬೇಕು.

ಬರದ ನೆಲದಲ್ಲಿ ಎರಡು ಬಗೆಯ ಕೊರತೆ

ಈ ವಿಷಯವು ನಮ್ಮ ಜಿಲ್ಲೆಗೆ ವಿಶೇಷವಾಗಿ ಸಲ್ಲುತ್ತದೆ. ಡೋಣಿಯ ದಂಡೆಯಲ್ಲಿ ಬೆಳೆ ಬಂದರೆ ಓಣಿಗೆಲ್ಲ ಜೋಳ ಎಂಬ ಅರ್ಥದ ಮಾತು ಇಲ್ಲಿಯ ಜನರ ಬಾಯಲ್ಲಿದೆ. ಬೆಳೆ ಬಾರದ ವರ್ಷಗಳೂ ಬಹಳ. 1876-78ರ ಮಹಾಕ್ಷಾಮದಲ್ಲಿ, ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ಈ ಸೀಮೆಯು ಮುಂಬಯಿ ಪ್ರಾಂತದಲ್ಲಿ ಅತ್ಯಂತ ಹೆಚ್ಚಾಗಿ ನೊಂದ ಪ್ರದೇಶಗಳಲ್ಲೊಂದು. ನಮ್ಮ ಹಿರಿಯರಿಗೆ ಆಹಾರದ ಸಮಸ್ಯೆ ಎಂದರೆ ಒಂದೇ ಆಗಿತ್ತು: ಇಲ್ಲದಿರುವುದು.

ಆ ಸಮಸ್ಯೆ ಇನ್ನೂ ತೀರಿಲ್ಲ. 2016ರಿಂದ 2018ರವರೆಗೆ ನಡೆದ ರಾಷ್ಟ್ರೀಯ ಪೋಷಣ ಸಮೀಕ್ಷೆಯಲ್ಲಿ ಹತ್ತರಿಂದ ಹತ್ತೊಂಬತ್ತು ವಯಸ್ಸಿನ ಭಾರತೀಯರ ಪೈಕಿ ನೂರಕ್ಕೆ 24 ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲದೆ ಸೊರಗಿದವರಾಗಿದ್ದರು. 5 ಮಂದಿ ಅಧಿಕ ತೂಕದವರಾಗಿದ್ದರು. 2021ರ ಡಿಸೆಂಬರಿನಲ್ಲಿ ಕರ್ನಾಟಕ ಸರಕಾರವು ಶಾಲೆಯ ಬಿಸಿಯೂಟದೊಡನೆ ಮೊಟ್ಟೆಯನ್ನೋ, ಅದನ್ನು ತಿನ್ನದವರಿಗೆ ಬಾಳೆಹಣ್ಣನ್ನೋ ಕೊಡಲು ಮೊದಲುಮಾಡಿದಾಗ, ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚೆಂದು ಆರಿಸಿಕೊಂಡ ಏಳು ಜಿಲ್ಲೆಗಳಲ್ಲಿ ವಿಜಯಪುರವೂ ಒಂದಾಗಿತ್ತು. ಅದೇ ಹೊತ್ತಿಗೆ ವಯಸ್ಕರ ಕಡೆ ತಿರುಗಿದರೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 30 ಮಂದಿ ಹೆಂಗಸರೂ ಅಷ್ಟೇ ಮಂದಿ ಗಂಡಸರೂ ಅಧಿಕ ತೂಕದವರು. ಸೊರಗಿದ ಬಾಲ್ಯವೂ ಬೊಜ್ಜಿನ ನಡುವಯಸ್ಸೂ ಒಂದೇ ನಾಡಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಜೊತೆಯಾಗಿವೆ.

ಇವೆರಡೂ ಪರಸ್ಪರ ವಿರುದ್ಧವೆಂದು ತೋರಿದರೂ ಬೇರೊಂದು ರೀತಿಯಲ್ಲಿ ನಂಟುಳ್ಳವು. ಪುಣೆಯ ಸುತ್ತಣ ಹಳ್ಳಿಗಳಲ್ಲಿ ಯಾಜ್ಞಿಕರ ಬಳಗವು ನಡೆಸಿದ ಅಧ್ಯಯನದಲ್ಲಿ, ಅಲ್ಲಿಯ ಶಿಶುಗಳು ಹುಟ್ಟುವಾಗ ಸರಾಸರಿ ಸುಮಾರು 2.7 ಕಿಲೋಗ್ರಾಂ ತೂಗುತ್ತಿದ್ದವು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳು ಸುಮಾರು 3.5 ಕಿಲೋಗ್ರಾಂ. ಕಡಮೆಯಾದ ತೂಕವು ಹೆಚ್ಚಾಗಿ ಸ್ನಾಯುವಿನಲ್ಲಿಯೂ ಅಂಗಾಂಗಗಳಲ್ಲಿಯೂ ಕಂಡಿತು; ಚರ್ಮದಡಿಯ ಕೊಬ್ಬು ಅಷ್ಟಾಗಿ ಕುಗ್ಗಿರಲಿಲ್ಲ. ಗರ್ಭದಲ್ಲಿಯೇ ಕೊರತೆಯನ್ನು ಕಂಡ ಇಂಥ ದೇಹಕ್ಕೆ ಮುಂದೆ ಹೇರಳವಾದ, ಅಗ್ಗದ, ಸಾರವಿಲ್ಲದ ಶಕ್ತಿ ದೊರೆತರೆ ಮಧುಮೇಹದ ಅಪಾಯ ಹೆಚ್ಚೆಂಬುದು ಅವರ ತೀರ್ಮಾನ. ಆದುದರಿಂದ ಸಣಕಲು ಮಗುವಿಗೆ ‘ಇವನಿಗೇನು, ಏನು ತಿಂದರೂ ನಡೆಯುತ್ತದೆ’ ಎನ್ನುವುದು ತಪ್ಪು.

ಗುಮ್ಮಟವನ್ನು ಎಷ್ಟು ಸಲ ಹತ್ತಬೇಕು?

ಇನ್ನು ಶಕ್ತಿಯ ಲೆಕ್ಕಕ್ಕೆ ಬರೋಣ. 1780ರ ದಶಕದ ಆರಂಭದಲ್ಲಿ ಲಾವಾಸಿಯೆ ಮತ್ತು ಲಾಪ್ಲಾಸ್ ಎಂಬ ಫ್ರೆಂಚ್ ವಿಜ್ಞಾನಿಗಳು ಗಿನಿಹಂದಿ ಎಂಬ ಪುಟ್ಟ ಪ್ರಾಣಿಯನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿಟ್ಟು, ಕರಗಿದ ನೀರನ್ನು ತೂಗಿ ಅದರ ಮೈಯಿಂದ ಹೊರಟ ಶಾಖವನ್ನು ಅಳೆದರು. ಉಸಿರಾಟವೆಂಬುದು ಒಂದು ಬಗೆಯ ನಿಧಾನವಾದ ದಹನವೆಂದು ಅವರು ಸಾರಿದರು. 1890ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಆಟ್‌ವಾಟರನೂ ಭೌತಶಾಸ್ತ್ರಜ್ಞ ರೋಸಾನೂ ಕೂಡಿ ಮನುಷ್ಯನೇ ಹಲವು ದಿನ ವಾಸಿಸಬಲ್ಲ ಶಾಖಮಾಪಕ ಕೋಣೆಯೊಂದನ್ನು ಕಟ್ಟಿದರು. ತಿಂದ ಆಹಾರದಿಂದ ದೊರೆತ ಶಕ್ತಿಯೂ ದೇಹದಿಂದ ಹೊರಬಿದ್ದ ಶಕ್ತಿಯೂ ಬಹು ಸೂಕ್ಷ್ಮವಾಗಿ ತಾಳೆಯಾದವು. ಶಕ್ತಿ ನಾಶವಾಗದು ಎಂಬ ನಿಯಮಕ್ಕೆ ಮನುಷ್ಯದೇಹವೂ ಹೊರತಲ್ಲ ಎಂದು ಸಿದ್ಧವಾಯಿತು. ಒಂದು ಗ್ರಾಂ ಶರ್ಕರಪಿಷ್ಟಕ್ಕೆ 4, ಸಸಾರಜನಕಕ್ಕೆ 4, ಕೊಬ್ಬಿಗೆ 9 ಕಿಲೋಕ್ಯಾಲೊರಿ ಎಂದು ಇಂದಿಗೂ ನಾವು ಬಳಸುವ ಅಂಕೆಗಳು ಆಟ್‌ವಾಟರನ ಕೆಲಸದಿಂದ ಬಂದವು.

ಈಗ ಒಂದು ಲೆಕ್ಕ. ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯು ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿದೆ. 50 ಕಿಲೋಗ್ರಾಂ ತೂಕದ ವಿದ್ಯಾರ್ಥಿನಿಯು ಮೂಲೆಯ ಗೋಪುರದ ಮೆಟ್ಟಿಲುಗಳನ್ನು ಹತ್ತಿ ಅಲ್ಲಿಗೆ ಹೋಗುತ್ತಾಳೆ. ಗುರುತ್ವಕ್ಕೆ ವಿರುದ್ಧವಾಗಿ ಅವಳು ಮಾಡಿದ ಕೆಲಸ 50×9.8×33, ಎಂದರೆ ಸುಮಾರು 16,200 ಜೂಲ್. 4,186 ಜೂಲಿಗೆ ಒಂದು ಕಿಲೋಕ್ಯಾಲೊರಿಯಾದುದರಿಂದ ಇದು ಕೇವಲ 3.9 ಕಿಲೋಕ್ಯಾಲೊರಿ! ಸ್ನಾಯುಯಂತ್ರದ ದಕ್ಷತೆ ನೂರಕ್ಕೆ 20ರಿಂದ 25 ಮಾತ್ರವಾಗಿ ಉಳಿದುದು ಶಾಖವಾಗಿ ಹೋಗುವುದರಿಂದ, ದೇಹವು ನಿಜವಾಗಿ ಖರ್ಚುಮಾಡಿದುದು 16ರಿಂದ 19 ಕಿಲೋಕ್ಯಾಲೊರಿ ಎನ್ನೋಣ. ಕೆಳಗಿಳಿದ ಮೇಲೆ ಅವಳು 50 ಗ್ರಾಮಿನ ಆಲೂಗಡ್ಡೆ ಚಿಪ್ಸ್ ಪೊಟ್ಟಣವೊಂದನ್ನು ತಿಂದರೆ ಅದರಿಂದ ಸುಮಾರು 270 ಕಿಲೋಕ್ಯಾಲೊರಿ ದೊರೆಯುತ್ತದೆ. ಐದಾರು ನಿಮಿಷದಲ್ಲಿ ತಿಂದುಮುಗಿಸಿದ ಪೊಟ್ಟಣದ ಋಣ ತೀರಿಸಲು ಗುಮ್ಮಟವನ್ನು ಹದಿನಾಲ್ಕರಿಂದ ಹದಿನೇಳು ಸಲ ಹತ್ತಬೇಕಾಗುತ್ತದೆ.

ಈ ಲೆಕ್ಕದಿಂದ ಆಟ ವ್ಯಾಯಾಮಗಳು ವ್ಯರ್ಥವೆಂದು ತಿಳಿಯಬಾರದು. ಮೂಳೆ, ಸ್ನಾಯು, ಹೃದಯ, ಮನಸ್ಸು ಇವುಗಳಿಗೆ ಅವು ಅತ್ಯವಶ್ಯಕ. ಲೆಕ್ಕವು ಹೇಳುವುದಿಷ್ಟೆ: ‘ಓಡಾಡಿದರೆ ಕರಗಿಹೋಗುತ್ತದೆ’ ಎಂಬ ನಂಬಿಕೆಯ ಮೇಲೆ ಪೊಟ್ಟಣವನ್ನು ಬಿಚ್ಚಬಾರದು. ಹದಿಮೂರರಿಂದ ಹದಿನೈದರ ವಯಸ್ಸಿನಲ್ಲಿ ದಿನಕ್ಕೆ ಹುಡುಗಿಯರಿಗೆ ಸುಮಾರು 2,400, ಹುಡುಗರಿಗೆ ಸುಮಾರು 2,860 ಕಿಲೋಕ್ಯಾಲೊರಿ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಹೇಳುತ್ತದೆ. ಸೆಕೆಂಡಿನ ಲೆಕ್ಕಕ್ಕೆ ತಂದರೆ ಇದು 115ರಿಂದ 140 ವ್ಯಾಟ್. ಹಳೆಯ ಕಾಲದ ದೊಡ್ಡ ವಿದ್ಯುದ್ದೀಪವೊಂದು ಹಗಲಿರುಳೂ ಉರಿದಂತೆ. ಅದರ ಬಹುಪಾಲು ಓಟಕ್ಕಲ್ಲ, ಉಸಿರಾಟ, ರಕ್ತಪರಿಚಲನೆ, ಮೈಶಾಖಗಳಿಗೆ ಸಲ್ಲುತ್ತದೆ. ಬೆಳೆಯುವ ದೇಹಕ್ಕೆ ಆಹಾರವನ್ನು ಕಡಿತಗೊಳಿಸಿ ಉಪವಾಸ ಕೆಡವುವುದು ಎಂದಿಗೂ ಪರಿಹಾರವಲ್ಲ. ಪ್ರಶ್ನೆ ಇರುವುದು ಆಹಾರದ ಜಾತಿಯಲ್ಲಿ.

ಸಂಸ್ಕರಣವೆಲ್ಲ ಕೆಟ್ಟದ್ದೆ?

‘ಸಂಸ್ಕರಿತ’ ಎಂದೊಡನೆ ಕೆಟ್ಟದ್ದೆಂದು ಭಾವಿಸುವವರುಂಟು. ಅದು ಸರಿಯಲ್ಲ. ತಿಕೋಟಾ ಮತ್ತು ಬಬಲೇಶ್ವರದ ಕಡೆ ದ್ರಾಕ್ಷಿಯನ್ನು ಮಣೂಕವಾಗಿ ಒಣಗಿಸುವುದನ್ನು ನೋಡಿರಿ. ದ್ರಾಕ್ಷಿಯ ಸಿಪ್ಪೆಯ ಮೇಲೆ ತೆಳುವಾದ ಮೇಣದ ಪದರವಿದೆ. ನೀರು ಅದನ್ನು ದಾಟಿ ಬರಲಾರದು. ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಅದಕ್ಕೆಂದೇ ಇರುವ ಎಣ್ಣೆಯ ದ್ರಾವಣದಲ್ಲಿ ಅದ್ದಿದಾಗ ಆ ಮೇಣ ಸಡಿಲವಾಗುತ್ತದೆ. ನೆರಳಿನ ಚಪ್ಪರದ ಬಲೆಗಳ ಮೇಲೆ ಗಾಳಿಯಾಡುವಂತೆ ಹರಡಿದರೆ ಸುಮಾರು ಎರಡು ವಾರಗಳಲ್ಲಿ ನೀರು ಆರಿ, ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋದಷ್ಟು ಮಣೂಕ ಉಳಿಯುತ್ತದೆ. ಸಂಸ್ಕರಣವೇನೋ ನಡೆಯಿತು, ಆದರೆ ಹಣ್ಣು ಹಣ್ಣಾಗಿಯೇ ಉಳಿಯಿತು. ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದಿ, ತಟ್ಟಿ, ಹಂಚಿನ ಮೇಲೆ ಬೇಯಿಸುವುದೂ ಸಂಸ್ಕರಣವೇ. ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಬಿಸಿನೀರು ಹಿಟ್ಟಿನ ಪಿಷ್ಟವನ್ನು ಅರೆಬೇಯಿಸಿ ಅಂಟುಗೊಳಿಸುವುದರಿಂದಲೇ ರೊಟ್ಟಿ ಒಡೆಯದೆ ತಟ್ಟಲು ಬರುತ್ತದೆ. ನಮ್ಮ ತಾಯಂದಿರ ಕೈಗಳು ಈ ರಸಾಯನವನ್ನು ಪುಸ್ತಕವಿಲ್ಲದೆ ಬಲ್ಲವು.

2009ರಲ್ಲಿ ಬ್ರೆಜಿಲಿನ ಸಾವೊ ಪೌಲೊ ವಿಶ್ವವಿದ್ಯಾನಿಲಯದ ಕಾರ್ಲೊಸ್ ಮೊಂಟೇರೊ ಎಂಬವರು ಆಹಾರವನ್ನು ಅದರಲ್ಲಿರುವ ಪೋಷಕಾಂಶಗಳ ಮೇಲಿಂದಲ್ಲದೆ ಅದರ ಮೇಲೆ ನಡೆದ ಸಂಸ್ಕರಣದ ಬಗೆಯ ಮೇಲಿಂದ ವಿಂಗಡಿಸಬೇಕೆಂದು ಸೂಚಿಸಿದರು. ಮುಂದೆ ‘ನೋವಾ’ ಎಂಬ ಹೆಸರಿನಿಂದ ಬಳಕೆಗೆ ಬಂದ ಈ ವಿಂಗಡಣೆಯಲ್ಲಿ ನಾಲ್ಕು ವರ್ಗಗಳಿವೆ. ಜೋಳ, ಬೇಳೆ, ತರಕಾರಿ, ಹಾಲು, ಮೊಟ್ಟೆ, ಮಣೂಕ ಮೊದಲನೆಯ ವರ್ಗಕ್ಕೆ ಸೇರಿದವು. ಎಣ್ಣೆ, ಉಪ್ಪು, ಬೆಲ್ಲ, ಸಕ್ಕರೆಗಳಂಥ ಅಡುಗೆಯ ಸಾಮಗ್ರಿಗಳು ಎರಡನೆಯದಕ್ಕೆ. ಇವೆರಡನ್ನೂ ಕೂಡಿಸಿ ಮಾಡಿದ ಉಪ್ಪಿನಕಾಯಿ, ಉಪ್ಪು ಹಚ್ಚಿ ಹುರಿದ ಶೇಂಗಾ ಮುಂತಾದವು ಮೂರನೆಯದಕ್ಕೆ. ನಾಲ್ಕನೆಯ ವರ್ಗವೇ ಅತಿಸಂಸ್ಕರಿತ ಆಹಾರ. ಇಲ್ಲಿ ಕಾರ್ಖಾನೆಯು ಧಾನ್ಯವನ್ನೋ ಕಾಳನ್ನೋ ಮೊದಲು ಪಿಷ್ಟ, ಸಕ್ಕರೆಪಾಕ, ಎಣ್ಣೆ, ಸಸಾರಜನಕದ ಪುಡಿ ಎಂದು ಬಿಡಿಬಿಡಿ ಮಾಡುತ್ತದೆ. ಅನಂತರ ಅವುಗಳನ್ನು ಬೇಕಾದ ಆಕಾರಕ್ಕೆ ಒತ್ತಿ, ಬಣ್ಣ, ಕೃತಕ ಪರಿಮಳ, ರುಚಿವರ್ಧಕ, ಎಣ್ಣೆ ನೀರುಗಳನ್ನು ಬೆಸೆದಿಡುವ ಕಾರಕಗಳನ್ನು ಸೇರಿಸಿ ಹೊಸ ವಸ್ತುವನ್ನು ಕಟ್ಟುತ್ತದೆ. ಹಲವು ಬಗೆಯ ಉಬ್ಬಿಸಿದ ಕುರುಕಲು ತಿಂಡಿ, ಕೆನೆ ತುಂಬಿದ ಬಿಸ್ಕತ್ತು, ದಿಢೀರ್ ಶ್ಯಾವಿಗೆ, ಬಣ್ಣದ ಬುಸುಗುಡುವ ಪಾನೀಯ ಇವೆಲ್ಲ ಈ ವರ್ಗದವು.

ಒಂದು ಎಚ್ಚರಿಕೆ ಅಗತ್ಯ. ಸಂತೆಯ ಮಿರ್ಚಿಭಜಿಯಲ್ಲಿ ಎಣ್ಣೆ ಹೇರಳ, ಬೀದಿಯ ಜಿಲೇಬಿಯಲ್ಲಿ ಸಕ್ಕರೆ ಹೇರಳ. ಆದರೂ ಅವು ಅತಿಸಂಸ್ಕರಿತವೆನಿಸುವುದಿಲ್ಲ. ಹಾಗೆಂದು ಅವನ್ನು ದಿನವೂ ತಿನ್ನಬಹುದೆಂದು ಅರ್ಥವಲ್ಲ. ಎರಡು ಬೇರೆ ಪ್ರಶ್ನೆಗಳನ್ನು ಒಂದರೊಳಗೊಂದು ಬೆರೆಸಬಾರದಷ್ಟೆ.

ಒಂದು ಪ್ರಯೋಗ

ಪೊಟ್ಟಣದ ತಿಂಡಿ ಹೆಚ್ಚಾಗಿ ತಿನ್ನುವವರಲ್ಲಿ ಬೊಜ್ಜು ಹೆಚ್ಚೆಂದು ಅನೇಕ ದೇಶಗಳ ಸಮೀಕ್ಷೆಗಳು ಹೇಳಿವೆ. ಆದರೆ ಸಮೀಕ್ಷೆಯು ಕಾರಣವನ್ನು ಸಿದ್ಧಮಾಡಿ ತೋರಿಸಲಾರದು. ಪೊಟ್ಟಣ ಕೊಳ್ಳುವವರು ಬೇರೆ ರೀತಿಯಲ್ಲಿಯೂ ಭಿನ್ನರಾಗಿರಬಹುದು. ಕಡಮೆ ನಿದ್ರೆ ಮಾಡುವವರೋ, ಆಟಕ್ಕೆ ಬಯಲಿಲ್ಲದವರೋ ಆಗಿರಬಹುದು. ಕಾರಣವನ್ನು ಕಾಣಬೇಕಾದರೆ ಪ್ರಯೋಗ ಬೇಕು.

ಅಂಥ ಪ್ರಯೋಗವನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಎಂಬ ವಿಜ್ಞಾನಿ ನಡೆಸಿ 2019ರಲ್ಲಿ ಪ್ರಕಟಿಸಿದನು. ಈತನೂ ಮೊದಲು ಭೌತಶಾಸ್ತ್ರ ಕಲಿತವನೇ. ಹತ್ತು ಗಂಡಸರು, ಹತ್ತು ಹೆಂಗಸರು ನಾಲ್ಕು ವಾರ ಸಂಸ್ಥೆಯಲ್ಲಿಯೇ ವಾಸಮಾಡಿದರು. ಪ್ರತಿಯೊಬ್ಬರಿಗೂ ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ಸಾದಾ ಆಹಾರ. ಬಡಿಸಿದ ಊಟಗಳಲ್ಲಿ ಶಕ್ತಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಎಲ್ಲವೂ ಸರಿಸಮನಾಗಿರುವಂತೆ ನೋಡಿಕೊಂಡಿದ್ದರು. ಬೇಕಾದಷ್ಟು ತಿನ್ನಿರಿ ಎಂದು ಹೇಳಲಾಗಿತ್ತು. ಫಲಿತಾಂಶವೇನು? ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ತಮಗರಿವಿಲ್ಲದೆ ದಿನಕ್ಕೆ ಸುಮಾರು 500 ಕಿಲೋಕ್ಯಾಲೊರಿ ಹೆಚ್ಚಾಗಿ ತಿಂದರು. ಎರಡು ವಾರಗಳಲ್ಲಿ ಸರಾಸರಿ 0.9 ಕಿಲೋಗ್ರಾಂ ಏರಿದರು. ಸಾದಾ ಆಹಾರದಲ್ಲಿ ಅಷ್ಟೇ ಇಳಿದರು.

2025ರಲ್ಲಿ ಲಂಡನ್ನಿನಿಂದ ಇನ್ನೊಂದು ಪ್ರಯೋಗದ ವರದಿ ಬಂದಿತು. 55 ವಯಸ್ಕರಿಗೆ ಎಂಟೆಂಟು ವಾರ ಎರಡೂ ಬಗೆಯ ಆಹಾರ ಕೊಟ್ಟರು. ಎರಡೂ ಆ ದೇಶದ ಪೋಷಣಸೂತ್ರಗಳಿಗೆ ಒಪ್ಪುವಂಥವೇ. ಈ ಸಲ ಎರಡರಲ್ಲಿಯೂ ತೂಕ ಇಳಿಯಿತು. ಆದರೆ ಸಾದಾ ಆಹಾರದಲ್ಲಿ ನೂರಕ್ಕೆ ಸುಮಾರು 2, ಅತಿಸಂಸ್ಕರಿತದಲ್ಲಿ ಸುಮಾರು 1. ಎರಡು ಪ್ರಯೋಗಗಳೂ ಚಿಕ್ಕವು, ವಯಸ್ಕರ ಮೇಲೆ ನಡೆದವು, ನಮ್ಮ ನಾಡಿನವಲ್ಲ. ಬೆಳೆಯುವ ಮಕ್ಕಳಿಗೆ ಇವನ್ನು ಹಾಗೆಯೇ ಅನ್ವಯಿಸಲು ಬಾರದು. ಆದರೂ ಒಂದು ಮಾತು ಸ್ಪಷ್ಟ: ಪೋಷಕಾಂಶಗಳ ಪಟ್ಟಿ ಒಂದೇ ಆಗಿದ್ದರೂ ಆಹಾರದ ಕಟ್ಟಡವು ಬೇರೆಯಾದರೆ ದೇಹದ ವರ್ತನೆಯೂ ಬೇರೆಯಾಗುತ್ತದೆ.

ಏಕಿರಬಹುದು? ಕೆಲವು ಕಾರಣಗಳನ್ನು ನಮ್ಮ ಊಟದ ತಟ್ಟೆಯಲ್ಲಿಯೇ ಕಾಣಬಹುದು. ಹೊಟ್ಟೆಯು ತುಂಬಿತೆಂಬ ಸುದ್ದಿಯನ್ನು ಮಿದುಳಿಗೆ ಕಳುಹಿಸುವ ನರಗಳು ಹೊಟ್ಟೆಯ ಹಿಗ್ಗನ್ನು ಅರಿಯುತ್ತವೆ. ಅದರೊಳಗಿನ ಶಕ್ತಿಯನ್ನು ಅಳೆಯಲು ಅವಕ್ಕೆ ಬಾರದು. 60 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಲ್ಲಿ ಸುಮಾರು 200 ಕಿಲೋಕ್ಯಾಲೊರಿ. ಅದರಲ್ಲಿ ನೀರಿದೆ, ನಾರಿದೆ, ಜೊತೆಗೆ ಮಡಿಕೆಕಾಳಿನ ಪಲ್ಯ, ಮೊಸರು, ಹಸಿ ಸೌತೆ, ಗಜ್ಜರಿಗಳಿವೆ. ಅಗಿಯಬೇಕು, ಹೊತ್ತು ಹಿಡಿಯುತ್ತದೆ. ಚಿಪ್ಸಿನಲ್ಲಾದರೋ ನೀರು ಬಹುತೇಕ ಇಲ್ಲವೇ ಇಲ್ಲ, 100 ಗ್ರಾಮಿಗೆ ಸುಮಾರು 540 ಕಿಲೋಕ್ಯಾಲೊರಿ, ಬಾಯಲ್ಲಿಟ್ಟೊಡನೆ ಕರಗುತ್ತದೆ. ಸಕ್ಕರೆಯ ಪಾನೀಯಕ್ಕೆ ಅಗಿಯುವ ಕೆಲಸವೂ ಇಲ್ಲ. 250 ಮಿಲಿಲೀಟರಿನ ಸೀಸೆಯೊಂದರಲ್ಲಿ ಸುಮಾರು 25 ಗ್ರಾಂ ಸಕ್ಕರೆ, ಎಂದರೆ ಐದು ಚಮಚ, ಒಂದೆರಡು ನಿಮಿಷದಲ್ಲಿ ಒಳಗಿಳಿಯುತ್ತದೆ. ತೃಪ್ತಿಯ ಸುದ್ದಿ ಮಿದುಳನ್ನು ಮುಟ್ಟುವ ಮೊದಲೇ ಶಕ್ತಿ ಹೊಟ್ಟೆ ಸೇರಿರುತ್ತದೆ. ಹಾಲ್‌ನ ಪ್ರಯೋಗದಲ್ಲಿಯೂ ಅತಿಸಂಸ್ಕರಿತ ಆಹಾರವನ್ನು ಜನರು ಹೆಚ್ಚು ವೇಗವಾಗಿ ತಿಂದುದು ಕಂಡುಬಂದಿತು. ನಮ್ಮ ಖಡಕ್ ರೊಟ್ಟಿಯೂ ನೀರಾರಿದ ವಸ್ತುವೇ. ಆದರೆ ಅದನ್ನು ಪಲ್ಯ ಮೊಸರುಗಳೊಡನೆ ನಿಧಾನವಾಗಿ ತಿನ್ನುವುದು ಇಲ್ಲಿಯ ವಾಡಿಕೆ. ವಾಡಿಕೆಯೂ ಆಹಾರದ ಒಂದು ಭಾಗವೇ ಸರಿ.

ಒಂದೇ ಪೊಟ್ಟಣ, ಎರಡು ಫಲ

ಪ್ರೌಢಶಾಲೆಯ ವಿದ್ಯಾರ್ಥಿಗಳಲ್ಲಿ ಪೊಟ್ಟಣದ ತಿಂಡಿಗೂ ಸೂಚ್ಯಂಕಕ್ಕೂ ಸಂಬಂಧ ಹುಡುಕುವವರು ಒಂದು ಕಷ್ಟವನ್ನು ಎದುರಿಸಬೇಕಾಗುತ್ತದೆ. ಉಂಡ ಊಟದ ಮೇಲೆ ಪೊಟ್ಟಣವನ್ನೂ ತಿಂದವನು ತೂಕ ಏರುತ್ತಾನೆ. ಊಟದ ಬದಲಿಗೆ ಐದು ರೂಪಾಯಿಯ ಪೊಟ್ಟಣವನ್ನು ತಿಂದವಳು ತೆಳ್ಳಗೆ ಉಳಿಯುತ್ತಾಳೆ. ಆದರೆ ಅವಳಿಗೆ ಕಬ್ಬಿಣ, ಸಸಾರಜನಕ, ಜೀವಸತ್ವಗಳು ದೊರೆತಿರುವುದಿಲ್ಲ. ಒಬ್ಬನ ಸೂಚ್ಯಂಕ ಮೇಲೆ, ಒಬ್ಬಳ ಸೂಚ್ಯಂಕ ಕೆಳಗೆ. ಸರಾಸರಿ ತೆಗೆದರೆ ಪೊಟ್ಟಣಕ್ಕೂ ತೂಕಕ್ಕೂ ಸಂಬಂಧವೇ ಇಲ್ಲವೆಂದು ತೋರಬಹುದು. ಹಾನಿ ಮಾತ್ರ ಇಬ್ಬರಿಗೂ ಆಗಿದೆ. 2019-21ರ ಸಮೀಕ್ಷೆಯಲ್ಲಿ ಭಾರತದ ಹದಿನೈದರಿಂದ ಹತ್ತೊಂಬತ್ತು ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತೆಂಬುದನ್ನು ನೆನೆದರೆ, ತೂಕದ ಯಂತ್ರವನ್ನು ಮಾತ್ರ ನಂಬಿ ಕುಳಿತುಕೊಳ್ಳುವುದು ಎಷ್ಟು ಅಪಾಯಕರವೆಂಬುದು ತಿಳಿಯುತ್ತದೆ.

ಇನ್ನೊಂದು ಮಾತು. ತರಗತಿಯಲ್ಲಿ ‘ಡುಮ್ಮ’, ‘ಕಡ್ಡಿ’ ಎಂದು ಹೆಸರಿಟ್ಟು ಕರೆಯುವ ಚಾಳಿಯನ್ನು ನಾವೆಲ್ಲ ಕಂಡಿದ್ದೇವೆ. ಹೊರಗಿನ ಆಕಾರವು ಒಳಗಿನ ಸಂಗತಿಯನ್ನು ಹೇಳದೆಂಬುದನ್ನು ಮೇಲೆ ನೋಡಿದೆವಷ್ಟೆ. ಆದುದರಿಂದ ಈ ಹೆಸರುಗಳು ನಿರ್ದಯವಾದುವು ಮಾತ್ರವಲ್ಲ, ಅವೈಜ್ಞಾನಿಕವೂ ಹೌದು. ತಪ್ಪು ಮಕ್ಕಳದೂ ಅಲ್ಲ. ಬೆಳಗಿನ ಜಾವ ದ್ರಾಕ್ಷಿಯ ತೋಟಕ್ಕೆ ಕೂಲಿಗೆ ಹೊರಡುವ ತಾಯಿಗೆ ರೊಟ್ಟಿ ತಟ್ಟಲು ಹೊತ್ತು ಸಿಗದಿದ್ದಾಗ, ಮಗುವಿನ ಕೈಗೆ ಹತ್ತು ರೂಪಾಯಿ ಬರುತ್ತದೆ; ಶಾಲೆಯ ಬಾಗಿಲಲ್ಲಿಯೇ ಅಂಗಡಿ ಇರುತ್ತದೆ. 2020ರಲ್ಲಿ ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವು ಕೊಬ್ಬು, ಸಕ್ಕರೆ, ಉಪ್ಪುಗಳು ಅತಿಯಾಗಿರುವ ಆಹಾರವನ್ನು ಶಾಲೆಯ ಆವರಣದಲ್ಲಿಯೂ ಬಾಗಿಲಿನಿಂದ 50 ಮೀಟರ್ ದೂರದೊಳಗೂ ಮಾರಕೂಡದೆಂದು ನಿಯಮ ಮಾಡಿದೆ. 2024ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯು ಪ್ರಕಟಿಸಿದ ಆಹಾರಸೂತ್ರಗಳು ಅತಿಸಂಸ್ಕರಿತ ಆಹಾರವನ್ನು ಆದಷ್ಟು ಕಡಮೆಮಾಡಬೇಕೆಂದು ಹೇಳಿವೆ. ನಿಯಮವು ಕಾಗದದ ಮೇಲಿಂದ ಶಾಲೆಯ ಬಾಗಿಲಿಗೆ ಇಳಿದುಬರುವಂತೆ ಮಾಡುವುದು ಹಿರಿಯರ ಹೊಣೆ.

ವಿದ್ಯಾರ್ಥಿಗಳು ಮಾಡಬಹುದಾದ ಮೂರು ಪ್ರಯೋಗಗಳು

ಮೊದಲನೆಯದು: ಒಂದು ದಾರವನ್ನು ತೆಗೆದುಕೊಂಡು ನಿಮ್ಮ ಎತ್ತರಕ್ಕೆ ಸರಿಯಾಗಿ ಕತ್ತರಿಸಿರಿ. ಅದನ್ನು ಎರಡಾಗಿ ಮಡಿಸಿ ಹೊಕ್ಕುಳಿನ ಮಟ್ಟದಲ್ಲಿ ಸೊಂಟಕ್ಕೆ ಸುತ್ತಿರಿ. ತುದಿಗಳು ಕೂಡಿದರೆ ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಹೆಚ್ಚಿಲ್ಲ. ಇದು ಒಳ್ಳೆಯ ಲಕ್ಷಣ. ಒಳಗಿನ ಕೊಬ್ಬಿನ ಬಗೆಗೆ ಸೂಚ್ಯಂಕಕ್ಕಿಂತ ಈ ದಾರವೇ ಎಷ್ಟೋ ಸಲ ಹೆಚ್ಚು ಹೇಳುತ್ತದೆ. ಈ ಪ್ರಯೋಗವನ್ನು ಮನೆಯಲ್ಲಿ, ತನ್ನ ಮೇಲೆ ತಾನೇ ಮಾಡಿಕೊಳ್ಳತಕ್ಕದ್ದು. ಇನ್ನೊಬ್ಬರ ಸೊಂಟವನ್ನು ಅಳೆಯುವುದಕ್ಕಲ್ಲ. ತುದಿಗಳು ಕೂಡದಿದ್ದರೆ ಹೆದರಬೇಕಾಗಿಲ್ಲ, ಊಟವನ್ನೂ ಬಿಡಕೂಡದು. ವೈದ್ಯರನ್ನು ಒಮ್ಮೆ ಕಾಣಬಹುದು.

ಎರಡನೆಯದು: ಒಂದು ವಾರ ಕೊಂಡ ಪೊಟ್ಟಣಗಳ ಖಾಲಿ ಚೀಲಗಳನ್ನು ಕೂಡಿಡಿರಿ. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ಪಟ್ಟಿಮಾಡಿರಿ. ಮನೆಯ ಅಡುಗೆಮನೆಯಲ್ಲಿಲ್ಲದ ವಸ್ತುಗಳು ಎಷ್ಟು? ಐಎನ್‌ಎಸ್ 102 ಎಂದಿದ್ದರೆ ಅದು ಟಾರ್ಟ್ರಜೀನ್ ಎಂಬ ಹಳದಿ ಬಣ್ಣ. 621 ಎಂದಿದ್ದರೆ ರುಚಿವರ್ಧಕ. 471 ಎಂದಿದ್ದರೆ ಎಣ್ಣೆ ನೀರುಗಳನ್ನು ಬೆಸೆಯುವ ಕಾರಕ. ಇವು ವಿಷವೆಂದಲ್ಲ, ಮಿತಿಯೊಳಗೆ ಬಳಸಲು ಅನುಮತಿ ಇರುವಂಥವೇ. ಆದರೆ ಅವುಗಳ ಇರವು ಆ ತಿಂಡಿ ಅತಿಸಂಸ್ಕರಿತವೆಂಬುದಕ್ಕೆ ಗುರುತು. ಸೋಡಿಯಮ್ಮಿನ ಅಂಕೆಯನ್ನು 2.5ರಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಇಡೀ ದಿನಕ್ಕೆ ಹೇಳುವ ಮಿತಿಯೇ 5 ಗ್ರಾಂ.

ಮೂರನೆಯದು: ಶಾಲೆಯ ಬಾಗಿಲಿನಿಂದ 50 ಮೀಟರ್ ಅಳೆದು, ಅದರೊಳಗಿನ ಅಂಗಡಿಗಳಲ್ಲಿ ಏನೇನು ಮಾರುತ್ತಾರೆಂದು ಬರೆದುಕೊಳ್ಳಿರಿ. ಹುರಿಗಡಲೆ, ಶೇಂಗಾ, ಬಾಳೆಹಣ್ಣು, ಮಣೂಕ, ಚುರುಮುರಿ ಎಷ್ಟು ಕಡೆ ದೊರೆಯುತ್ತವೆ? ಅದೇ ಹತ್ತು ರೂಪಾಯಿಗೆ ಇವು ಎಷ್ಟು ಬರುತ್ತವೆ? ಈ ನಕ್ಷೆಯನ್ನು ವಿಜ್ಞಾನದ ಉಪಾಧ್ಯಾಯರಿಗೂ ಶಾಲೆಯ ಅಭಿವೃದ್ಧಿ ಸಮಿತಿಗೂ ಒಪ್ಪಿಸಿರಿ. ಅಂಕೆಗಳಿರುವ ಒಂದು ಹಾಳೆಯು ಹತ್ತು ಭಾಷಣಗಳಿಗಿಂತ ಹೆಚ್ಚು ಕೆಲಸ ಮಾಡಬಲ್ಲದು.

ಬರವನ್ನು ಕಂಡ ಈ ನಾಡಿನಲ್ಲಿ ಅನ್ನವನ್ನು ತೂಗಿನೋಡಿ ತಿನ್ನಬೇಕೆಂದು ಯಾರೂ ಹೇಳಲಾರರು, ನಾವೂ ಹೇಳುವುದಿಲ್ಲ. ಹೊಟ್ಟೆತುಂಬ ಉಣ್ಣಿರಿ. ಪೊಟ್ಟಣವು ಎಂದೋ ಒಮ್ಮೆ ಬಂದರೆ ಆಕಾಶ ಕಳಚಿಬೀಳದು. ಅದು ಊಟದ ಜಾಗದಲ್ಲಿ ಬಂದು ಕುಳಿತುಕೊಳ್ಳದಂತೆ ನೋಡಿಕೊಂಡರೆ ಸಾಕು.